ಬಲಜೇಬಿನ ನೀಲಿ ಗುಂಡಿ

ಊರಿನಿಂದ ಹೊರಟ ಮೊದಲ ಬಸ್ಸು ಮೂರನೇ ಮೈಲಿಕಲ್ಲಿನ ಹತ್ತಿರ ನಿಂತಾಗ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಲ್ಲಿ ನಿಲ್ದಾಣವೇನಿಲ್ಲ. ಆದರೂ ಡ್ರೈವರು ಕೇಳದೆಯೇ ಬ್ರೇಕು ಹಾಕುತ್ತಾರೆ. ಬೂದುಬಣ್ಣದ ಉದ್ದ ಕೋಟು ತೊಟ್ಟ ಹೆಂಗಸೊಬ್ಬರು ಇಳಿದು, ರಸ್ತೆ ಬದಿಯ ಇಳಿಜಾರಿನಲ್ಲಿ ಮಂಡಿಯೂರುತ್ತಾರೆ. ಕೈಯಲ್ಲಿ ಬಲೆಯಿಲ್ಲ, ಕೊರಳಲ್ಲಿ ಕ್ಯಾಮೆರಾ ಇಲ್ಲ. ಹುಲ್ಲಿನ ತುದಿಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತಾರೆ. ಈ ಹೊತ್ತಿನಲ್ಲಿ ಚಿಟ್ಟೆಗಳು ರೆಕ್ಕೆ ಮಡಚಿ, ಇಬ್ಬನಿಯಲ್ಲಿ ತೊಯ್ದು, ಹುಲ್ಲಿಗೆ ಅಂಟಿಕೊಂಡೇ ಇರುತ್ತವೆ. ಬಿಸಿಲೇರಿತೋ, ಲೆಕ್ಕ ಕೈಗೆ ಸಿಗುವುದಿಲ್ಲ.

ಒಂದು ಕಂಡಿತು. ಕೋಟಿನ ಬಲಜೇಬಿನಿಂದ ಒಂದು ಬಿಳಿ ಗುಂಡಿ ಎಡಜೇಬಿಗೆ ಹೋಗುತ್ತದೆ. ಇನ್ನೊಂದು ಕಂಡಿತು, ಈ ಸಲ ಹಳದಿ ಗುಂಡಿ. ಒಂದು ಚಿಟ್ಟೆಗೆ ಒಂದು ಗುಂಡಿ, ಒಂದು ಜಾತಿಗೆ ಒಂದು ಬಣ್ಣ. "ಪೆನ್ನು ತೆಗೆಯೋಕೆ ತಲೆ ಬಗ್ಗಿಸಿದ್ರೆ ಮುಗೀತು, ಅದು ಎದ್ದಿರುತ್ತೆ. ಗುಂಡಿಯಾದ್ರೆ ಕಣ್ಣು ಹುಲ್ಲಿನ ಮೇಲೇ ಇರುತ್ತೆ, ಕೈ ತನ್ನ ಪಾಡಿಗೆ ತಾನು ಎಣಿಸ್ತಿರುತ್ತೆ" ಎನ್ನುತ್ತಾರೆ ಅವರು. ಇಂದು ಒಂಬತ್ತು ಕಿಲೋಮೀಟರು ನಡೆದು ಮುಗಿಸುವಷ್ಟರಲ್ಲಿ ಎಡಜೇಬಿಗೆ ಮೂವತ್ತೇಳು ಗುಂಡಿ ಸೇರಲಿವೆ. ಆದರೆ ಬಲಜೇಬಿನ ತಳದಲ್ಲಿ ಒಂದು ನೀಲಿ ಗುಂಡಿಯಿದೆ. ಅದು ಜಾಗ ಬಿಟ್ಟು ಕದಲಿ ಹನ್ನೆರಡು ವರ್ಷವಾಯಿತು.

ಊರಿನವರು ಇವರನ್ನು ಚಿಟ್ಟೆಯಕ್ಕ ಎನ್ನುತ್ತಾರೆ. ವಾರದ ಆರು ದಿನ ಇವರದು ಸತ್ತ ಪ್ರಾಣಿ, ಕೀಟಗಳನ್ನು ಕಾಪಿಟ್ಟ ಊರಿನ ವಸ್ತುಸಂಗ್ರಹಾಲಯದಲ್ಲಿ ಅಟೆಂಡರ್ ಕೆಲಸ. ಬೀಗ ತೆಗೆಯಬೇಕು, ನೆಲ ಒರೆಸಬೇಕು, ಗಾಜಿನ ಮುಚ್ಚಳದ ಇನ್ನೂರ ಹದಿನಾಲ್ಕು ಪೆಟ್ಟಿಗೆಗಳ ಧೂಳು ಹೊಡೆಯಬೇಕು. ಮೂವತ್ತೊಂದು ವರ್ಷದ ಸರ್ವಿಸು, ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಓದಿದ್ದು ಎಂಟನೇ ತರಗತಿ. ಚಿಟ್ಟೆಗಳ ಗುರುತು ಕಲಿತದ್ದು ಧೂಳು ಹೊಡೆಯುತ್ತಲೇ. ಪೆಟ್ಟಿಗೆಯೊಳಗಿನ ಸತ್ತವನ್ನು ನೋಡಿ ನೋಡಿ ಬೇಸರವಾಗಿ, ಬದುಕಿರುವುದನ್ನೂ ನೋಡೋಣ ಎಂದು ಒಂದು ಭಾನುವಾರ ಬಸ್ಸು ಹತ್ತಿದರಂತೆ. ಆಮೇಲೆ ಚಿಟ್ಟೆಗಳ ಕಾಲದ ಯಾವ ಭಾನುವಾರವೂ ಮನೆಯಲ್ಲಿ ನಿಂತಿಲ್ಲ.

ಕೋಟು ಹೊಲಿದುಕೊಟ್ಟವರು ಟೈಲರ್ ಗಂಡ. ಗುಂಡಿಗಳೂ ಅವರ ಡಬ್ಬಿಯವೇ. ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ನು ತುಳಿಯುತ್ತಲೇ ಹೆಂಡತಿಯನ್ನು ಕಿಚಾಯಿಸುವುದು ಅವರ ಅಭ್ಯಾಸ. ಊರಿನವರ ಅಂಗಿಗೆಲ್ಲ ಗುಂಡಿ ಕೂರಿಸಿದೆ, ಇವಳ ಒಂದು ಗುಂಡಿ ಮಾತ್ರ ಇವತ್ತಿಗೂ ಕೂರಲಿಲ್ಲ ಎನ್ನುತ್ತಾರೆ. ಹೇಳಿ ನಕ್ಕರೂ, ಹೆಂಡತಿಯ ಮುಖ ನೋಡಿ ಮತ್ತೆ ಬಟ್ಟೆಯತ್ತ ಬಗ್ಗುತ್ತಾರೆ.

ಆ ನೀಲಿ ಗುಂಡಿ ಬೂದುನೀಲಿ ಎಂಬ ಚಿಟ್ಟೆಯದು. ಹೆಬ್ಬೆರಳ ಉಗುರಿನಷ್ಟು ಗಾತ್ರ. ಎಲ್ಲೂ ಇಲ್ಲ ಎಂದು ದೊಡ್ಡ ತಜ್ಞರೆಲ್ಲ ಕೈಬಿಟ್ಟಿದ್ದ ಆ ಜೀವವನ್ನು ಹನ್ನೆರಡು ವರ್ಷದ ಹಿಂದೆ ಪಾಳುಬಿದ್ದ ಇಟ್ಟಿಗೆ ಗೂಡಿನ ಹಿಂದಿನ ದಿಬ್ಬದಲ್ಲಿ ಮೊದಲು ಕಂಡವರು ಚಿಟ್ಟೆಯಕ್ಕ. ವಿಜ್ಞಾನಿಗಳು ಕಾರಿನಲ್ಲಿ ಬಂದರು, ಫೋಟೋ ತೆಗೆದರು, ಲೇಖನ ಬರೆದರು. ಲೇಖನದಲ್ಲಿ ಇವರ ಹೆಸರಿರಲಿಲ್ಲ. ಅದಕ್ಕೆ ಅವರಿಗೆ ಬೇಸರವೂ ಇಲ್ಲ. ಹೋಗುವಾಗ ಆ ವಿಜ್ಞಾನಿಗಳು ಒಂದು ಮಾತು ಹೇಳಿ ಹೋದರು: ಮರಿಹುಳುಗಳನ್ನು ಜೋಪಾನ ಮಾಡಿ. ಆ ಮಾತೇ ಕುತ್ತಾಯಿತು.

ಹುಳುಗಳ ಮೈಮೇಲೆ ಇರುವೆಗಳು ಹರಿದಾಡುತ್ತಿದ್ದವು. ಕಣ್ಣೆದುರೇ ತಿಂದು ಮುಗಿಸುತ್ತಿವೆಯಲ್ಲ ಎಂದುಕೊಂಡರು ಅಕ್ಕ. ಮರುದಿನ ಇರುವೆ ಪುಡಿಯ ಡಬ್ಬಿ ತಂದು ಒಂದೊಂದು ಗಿಡದ ಸುತ್ತ ಸುರಿದರು, ಇರುವೆಗೂಡಿನ ಬಾಯಿಗೂ ಸುರಿದರು. ಇರುವೆಗಳು ಒಂದೂ ಉಳಿಯಲಿಲ್ಲ. ಕಾವಲು ಕಾದೆನೆಂಬ ನೆಮ್ಮದಿಯಲ್ಲಿ ಆ ವರ್ಷ ಕಳೆಯಿತು. ಮರುವರ್ಷ ದಿಬ್ಬದಲ್ಲಿ ಬೂದುನೀಲಿಯೂ ಒಂದೂ ಇರಲಿಲ್ಲ.

ಕಾರಣ ಹುಡುಕಿದವರಿಗೆ ಕಂಡದ್ದು ಕುರಿ. ದಿಬ್ಬದಲ್ಲಿ ಕುರುಬರೊಬ್ಬರು ಮೊದಲಿನಿಂದಲೂ ಮಂದೆ ಮೇಯಿಸುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಅಧಿಕಾರಿಗಳು ಅವರನ್ನು ಹೊರಗಿಟ್ಟು ಬೇಲಿ ಹಾಕಿದರು. ಮೇವಿಲ್ಲದೆ ಕುರುಬರು ಅರ್ಧ ಮಂದೆ ಮಾರಿಕೊಂಡರು. ಸಂಗ್ರಹಾಲಯದಲ್ಲಿ ಬೂದುನೀಲಿಯ ಪೆಟ್ಟಿಗೆಯ ಕೆಳಗೆ ಹಿತ್ತಾಳೆಯ ಫಲಕ ಬಂತು: 'ಕುರಿ ಮೇಯಿಸಿದ್ದರಿಂದ ಈ ತಾಣದಲ್ಲಿ ಕಣ್ಮರೆ.'

ನಿಜ ತಿಳಿದದ್ದು ನಾಲ್ಕು ವರ್ಷದ ಹಿಂದೆ. ಸಂಶೋಧನೆಗೆ ಬಂದಿದ್ದ ಹುಡುಗಿಯೊಬ್ಬಳು ಆ ಪೆಟ್ಟಿಗೆಯ ಮುಂದೆ ನಿಂತು ಶಾಲೆಯ ಮಕ್ಕಳಿಗೆ ವಿವರಿಸುತ್ತಿದ್ದಳು. ಈ ಹುಳುವಿನ ಮೈಯಿಂದ ಸಿಹಿ ಒಸರುತ್ತದೆ. ಇರುವೆಗಳು ಅದನ್ನು ನೆಕ್ಕುತ್ತವೆ, ಬದಲಿಗೆ ಕುಟುಕುವ ಕಣಜಗಳು ಹತ್ತಿರ ಸುಳಿಯದಂತೆ ಹುಳುವನ್ನು ಕಾಯುತ್ತವೆ. ಇರುವೆ ಇಲ್ಲದಿದ್ದರೆ ಈ ಚಿಟ್ಟೆ ಇಲ್ಲ. ಕುರಿ ಮೇಯ್ದು ಹುಲ್ಲು ಗಿಡ್ಡವಾಗಿದ್ದರೆ ನೆಲ ಬೆಚ್ಚಗಿರುತ್ತದೆ, ಇರುವೆಗೂ ಅದೇ ಬೇಕು. ಪಕ್ಕದಲ್ಲೇ ಗಾಜು ಒರೆಸುತ್ತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು.

"ಕಾಯೋರನ್ನೇ ಕೊಂದು, ನಾನು ಕಾವಲು ನಿಂತಿದ್ದೆ" ಎನ್ನುತ್ತಾರೆ ಅವರು. ಸ್ವರ ಏರುವುದಿಲ್ಲ.

ಒಂದು ವರ್ಷ ಯಾರಿಗೂ ಹೇಳಲಿಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲು ಅದೇ ಫಲಕ ಒರೆಸುವ ಕೆಲಸ. ಕೊನೆಗೆ ಗಂಡನಿಗೆ ಹೇಳಿದರು. ಅವರು ಮಿಷನ್ನು ನಿಲ್ಲಿಸಿ, ಇದನ್ನು ನನಗೆ ಹೇಳಿ ಏನು ಪ್ರಯೋಜನ, ಹೇಳಬೇಕಾದವರು ಬೇರೆ ಇದ್ದಾರಲ್ಲ ಎಂದರು. ಮುಂದಿನ ಭಾನುವಾರ ಅಕ್ಕ ಬೇಲಿಯಾಚೆ ಕುರುಬರನ್ನು ಹುಡುಕಿಕೊಂಡು ಹೋದರು. ವಯಸ್ಸಾದ ಆ ಮನುಷ್ಯ ಎಲ್ಲ ಕೇಳಿ ಕೋಲಿನ ತುದಿಯಿಂದ ಮಣ್ಣು ಕೆದಕಿದರು. ಆಮೇಲೆ ಹೇಳಿದ್ದು ಇಷ್ಟೇ: "ನನ್ನ ಕುರಿ ಮಾಡಿದ್ದಲ್ಲ ಅಂತ ನನಗೆ ಗೊತ್ತಿತ್ತು ತಂಗಿ. ಆದ್ರೆ ನನಗೊಬ್ಬನಿಗೆ ಗೊತ್ತಿದ್ರೆ ಏನು ಬಂತು?"

ಆ ಮಾತು ಅಕ್ಕನನ್ನು ಬಿಟ್ಟಿಲ್ಲ. ಬೇಲಿ ಹೇಗೂ ತುಕ್ಕು ಹಿಡಿದು ಬಿದ್ದಿತ್ತು. ಮೇಲಿನವರ ಕೈಕಾಲು ಹಿಡಿದು ಅದನ್ನು ತೆಗೆಸಿದರು. ಎರಡು ವರ್ಷದಿಂದ ಕುರಿಗಳು ಮತ್ತೆ ದಿಬ್ಬದಲ್ಲಿ ಮೇಯುತ್ತಿವೆ. ಅಕ್ಕ ರಸ್ತೆಯುದ್ದಕ್ಕೂ ಹುಲ್ಲು ಜಾಲಾಡುವುದು, ಎಲ್ಲಾದರೂ ನಾಲ್ಕು ಬೂದುನೀಲಿ ಉಳಿದಿದ್ದರೆ ಅವು ತಾವಾಗಿ ಇಲ್ಲಿಗೆ ಬಂದಾವೆಂಬ ಆಸೆಯಿಂದ.

ಇಂದು ದಿಬ್ಬ ತಲುಪುವಷ್ಟರಲ್ಲಿ ಬಿಸಿಲು ಬಂದಿದೆ. ಕುರುಬರು ದೂರದಿಂದಲೇ ಕೈಬೀಸಿ ಕರೆದು, ಒಂದು ಗಿಡದ ಬುಡ ತೋರಿಸುತ್ತಾರೆ. ತನ್ನ ನೆರಳು ಗಿಡದ ಮೇಲೆ ಬೀಳದಂತೆ ಸುತ್ತು ಹಾಕಿ ಅಕ್ಕ ಬಗ್ಗುತ್ತಾರೆ. ಚಿಟ್ಟೆಯಿಲ್ಲ, ಹುಳುವಿಲ್ಲ. ಆದರೆ ಕಾಂಡದ ಮೇಲೆ ಇರುವೆಗಳ ಸಾಲು ಹತ್ತುತ್ತಿದೆ, ಇಳಿಯುತ್ತಿದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಅಕ್ಕ ನೋಡುತ್ತಲೇ ಇದ್ದಾರೆ, ಕಣ್ಣು ತುಂಬಿದೆ. ಈ ಇರುವೆಗಳ ಲೆಕ್ಕಕ್ಕೆ ಜೇಬಿನಲ್ಲಿ ಗುಂಡಿಯಿಲ್ಲ.

ವಾಪಸ್ ಬಸ್ಸಿಗೆ ಕಾಯುವಾಗ, ಅಕ್ಕನ ಬಗ್ಗೆ ಬರೆಯಲು ಜೊತೆಗೆ ಬಂದ ಪತ್ರಿಕೆಯವರು ನಿವೃತ್ತಿಗೆ ಮುನ್ನ ಏನಾದರೂ ಆಸೆಯಿದೆಯೇ ಎಂದು ಕೇಳಿದರು. ಬೂದುನೀಲಿಯನ್ನು ಪತ್ತೆ ಮಾಡಿದವರ ಸಾಲಿನಲ್ಲಿ ತಮ್ಮ ಹೆಸರು ಬರಲಿ ಎಂದು ಅಕ್ಕ ಹೇಳಬಹುದೆಂಬುದು ಪತ್ರಿಕೆಯವರ ಅಂದಾಜು. ಅಕ್ಕ ತಲೆಯಾಡಿಸುತ್ತಾರೆ. ಫಲಕ ತಿದ್ದಿಸಿ ಎಂದು ಎರಡು ಸಲ ಅರ್ಜಿ ಕೊಟ್ಟಿದ್ದಾರಂತೆ. ಇಷ್ಟು ವರ್ಷ ದುಡಿದಿದ್ದೀರಿ, ಹೋಗುವಾಗ ತಲೆ ಮೇಲೆ ಯಾಕೆ ಕಳಂಕ ಎಳೆದುಕೊಳ್ಳುತ್ತೀರಿ, ಆ ಸಾಲನ್ನು ಯಾರು ಓದುತ್ತಾರೆ ಎಂದು ಸಂಗ್ರಹಾಲಯದ ಸಾಹೇಬರು ಪ್ರೀತಿಯಿಂದಲೇ ವಾಪಸ್ ಕೊಟ್ಟರಂತೆ.

"ಯಾರೂ ಓದಲ್ಲ, ನಿಜ. ಆದ್ರೆ ದಿನಾ ಒರೆಸೋದು ನಾನಲ್ವಾ?" ಎನ್ನುತ್ತಾ ಅಕ್ಕ ಎಡಜೇಬಿನ ಗುಂಡಿಗಳನ್ನು ಬಲಜೇಬಿಗೆ ಸುರಿದುಕೊಳ್ಳುತ್ತಾರೆ. "ಕುರಿ ಅನ್ನೋದನ್ನ ಹೊಡೆದುಹಾಕಿ, ಆ ಜಾಗದಲ್ಲಿ ನನ್ನ ಹೆಸರು ಬರೀಲಿ. ಅದೊಂದು ಆದ್ರೆ, ಕೊನೇ ದಿನ ಅದನ್ನ ಚೆನ್ನಾಗಿ ಒರೆಸಿ, ಬೀಗ ಹಾಕ್ಕೊಂಡು ಮನೆಗೆ ಹೋಗ್ತೀನಿ."