ಭಾವಿಕೇರಿ ಗವಿಯ ಬಾವಲಿ

ಭಾವಿಕೇರಿಯ ಜಟ್ಟಪ್ಪ ಹರಿಕಂತ್ರ ಮೂವತ್ತು ವರ್ಷ ಬಾವಲಿ ನೋಡಿ ದೋಣಿ ನೂಕಿದವನು. ಗುಡ್ಡದ ಸಮುದ್ರ ಬದಿಯ ಗವಿಯಿಂದ ಅವು ಹೊರಬಿದ್ದರೆ ಹೊತ್ತಾಯಿತೆಂದು ಅರ್ಥ. ಇಳಿತದಲ್ಲಿ ಮಾತ್ರ ಹೋಗಬಹುದಾದ ಆ ಗವಿಯನ್ನು ಅವನು ಯಾರಿಗೂ ತೋರಿಸಿರಲಿಲ್ಲ.

2004ರ ಬೇಸಿಗೆಯಲ್ಲಿ ಮಾವಿನ ತೋಟದ ರಾಜೀವ, ಬಾವಲಿಗಳ ಜಾಗ ಸಿಕ್ಕರೆ ಹೊಗೆ ಹಾಕುತ್ತೇನೆಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಹೆದರಿದ ಜಟ್ಟಪ್ಪ ಕಾರವಾರಕ್ಕೆ ಬಂದು, ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದ ನನ್ನನ್ನು ಹುಡುಕಿದ.

"ಜಾತಿ ಗೊತ್ತಾದ್ರೆ ಸರ್ಕಾರದವ್ರು ಕಾಯ್ತಾರಂತೆ, ಹೌದಾ ಮಾಸ್ತರ್ರೇ?"

ಹೌದೆಂದೆ. ವನ್ಯಜೀವಿ ಕಾಯಿದೆ ತೆಗೆದು ನೋಡಿರಲಿಲ್ಲ.

ಇಳಿತ ನೋಡಿ ನನ್ನನ್ನು ಗವಿಗೆ ಕರೆದೊಯ್ದು, ಅಲ್ಲಿ ಹಳೆಯ ಬಲೆಗೆ ಬಿದ್ದ ಒಂದು ಬಾವಲಿಯನ್ನು ಅವನು ರೆಕ್ಕೆ ಹರಿಯದಂತೆ ಬಿಡಿಸಿಕೊಟ್ಟ. ನಾಯಿಯ ಮೂತಿ, ದೊಡ್ಡ ಕಣ್ಣು. ಮೂಗಿನ ಮೇಲೆ ಎಲೆಯಂಥ ತೊಗಲಿಲ್ಲ. ರೆಕ್ಕೆಯ ಎರಡನೆಯ ಬೆರಳಿಗೂ ಉಗುರಿತ್ತು. ಹಣ್ಣು ತಿನ್ನುವ ಗುಂಪು. ಕಿವಿಯಂಚು ಬಿಳಿಯಲ್ಲ, ಹಾಗಾಗಿ ತಾಳೆಗರಿಯಡಿ ಮಲಗುವ ಮೋಟುಮೂಗಿನ ಬಾವಲಿಯಲ್ಲ. ಮುಂಗೈ ಎಂಬತ್ತು ಮಿಲಿಮೀಟರು, ಗಿಡ್ಡ ಬಾಲ, ಕತ್ತಲ ಗವಿಯಲ್ಲಿ ನೂರಾರು ಒಟ್ಟಿಗೆ ವಾಸ.

"ರೂಸೆಟಸ್," ಎಂದು ಅದರ ಶಾಸ್ತ್ರೀಯ ಹೆಸರು ಹೇಳಿದೆ.

"ಕೋಡಿಬಾಗದ ಪಾದ್ರಿ ಹೆಸರಿದ್ದಂಗೆ ಅದೆ," ಎಂದು ನಕ್ಕ. ಆಮೇಲೆ, "ಜಾಗ ಮಾತ್ರ ಬರೀಬೇಡಿ," ಎಂದ. ತಲೆಯಾಡಿಸಿದೆ.

ವರದಿಯಲ್ಲಿ 'ವಾಸಸ್ಥಾನ' ಎಂಬ ಅಂಕಣ ಖಾಲಿಯಿದ್ದರೆ ಗುರುತು ಅಪೂರ್ಣವೆನಿಸಿತು. ಯಾವ ಬಂಡೆ, ಅಲ್ಲಿಂದ ಎಷ್ಟು ಹೆಜ್ಜೆ, ನೀರು ಎಷ್ಟಿದ್ದಾಗ ಎಂದೆಲ್ಲ ತುಂಬಿ ಅರಣ್ಯ ಇಲಾಖೆಗೆ ಕಳಿಸಿದೆ.

ಹದಿನೈದು ದಿನಕ್ಕೆ ಉತ್ತರ ಬಂತು. ಆಗಿನ ಕಾಯಿದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳು ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿದ್ದವು. ಕೊಲ್ಲಲು ಪರವಾನಗಿ ಬೇಡ. ಮೊದಲೇ ದೂರು ಕೊಟ್ಟಿದ್ದ ರಾಜೀವನಿಗೂ ಒಂದು ಪ್ರತಿ ಹೋಗಿತ್ತು, ನನ್ನ ವರದಿಯ ಸಮೇತ.

ನಾನು ಭಾವಿಕೇರಿ ಮುಟ್ಟುವಾಗ ಗವಿಯ ಬಾಯಿ ಮಸಿಯಾಗಿತ್ತು. ಸತ್ತವುಗಳನ್ನು ಭರತದ ನೀರು ಎಳೆದುಕೊಂಡು ಹೋಗಿತ್ತಂತೆ. ಜಟ್ಟಪ್ಪ ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ. ತಲೆಯೆತ್ತಲಿಲ್ಲ.

"ದಾರಿ ತೋರ್ಸಿದವ ನೀನೇ ಅಂತ ಊರವ್ರು ಇವ್ರಿಗೇ ಹೇಳ್ತಾರೆ," ಎಂದಳು ಅವನ ಹೆಂಡತಿ ಹೊನ್ನಿ. "ರಾಜೀವ ಯಾರ ಹತ್ರಾನೂ ಕೇಳ್ಲಿಲ್ಲ. ನಿಮ್ಮ ಕಾಗದ ಓದ್ಕಂತಾ ನಡ್ದ. ಒಂದು ಹೆಜ್ಜೆಯಾದ್ರೂ ತಪ್ಪು ಬರೀಲಿಕ್ಕೆ ಆಗ್ಲಿಲ್ವಾ ಮಾಸ್ತರ್ರೇ?"

"ಬಿಡೇ," ಎಂದ ಜಟ್ಟಪ್ಪ, ಬಲೆಯ ಕಡೆಗೇ ನೋಡುತ್ತ. "ಅವ್ರಿಗೆ ತಪ್ಪು ಬರ್ದು ರೂಢಿ ಇಲ್ಲ."