ಹಲಸಿನ ಕೊಂಬೆ ಮತ್ತು ಕೋಳಿಗೂಡು

ಅವರ ಕಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು ನಿಂತಿತ್ತು. ನಲವತ್ತು ವರ್ಷ ಸುಂಟಿಕೊಪ್ಪದ ಸುತ್ತಿನ ಎಸ್ಟೇಟುಗಳಲ್ಲಿ, ಕಾಫಿಗೆ ಬಿಸಿಲು ಬೀಳಲೆಂದು ನೆರಳುಮರ ಹತ್ತಿ ಕೊಂಬೆ ಕಡಿದವರು. ಆ ಪಾದಕ್ಕೆ ಯಾವ ಚಪ್ಪಲಿಯೂ ಹೊಂದುತ್ತಿರಲಿಲ್ಲ, ಮದುವೆ ಮನೆಗೂ ಬರಿಗಾಲಲ್ಲೇ ಬರುತ್ತಿದ್ದರು. ಹತ್ತುವ ಮೊದಲು ಮರದ ಬುಡಕ್ಕೆ ಎರಡು ಸಲ ಮೆಲ್ಲಗೆ ತಟ್ಟುವುದು ಅವರ ಅಭ್ಯಾಸ. ಕೇಳಿದರೆ, ಹೇಳದೆ ಹತ್ತಬಾರದು ಅನ್ನುತ್ತಿದ್ದರು. ನಮ್ಮ ಕಡೆ ಈ ಕೆಲಸಕ್ಕೆ ಮರ ಕಪಾತು ಎಂದು ಹೆಸರು. ಊರಿಗೆಲ್ಲ ಅವರು ಕಪಾತಿನಣ್ಣ, ನನಗೂ ಹಾಗೇ.

ಅವರು ನಮ್ಮ ಹಿತ್ತಲಿಗೆ ಬಂದದ್ದು ನನ್ನ ದಡ್ಡತನದಿಂದ. ಶಾಲೆಯಿಂದ ನಿವೃತ್ತಳಾದ ಮೇಲೆ ಕೋಳಿ ಸಾಕುವ ಹುಚ್ಚು ಹಿಡಿದು, ಮೊಬೈಲಿನಲ್ಲಿ ನೋಡಿ ಒಂದು ಗೂಡು ಮಾಡಿಸಿದ್ದೆ. ನೀಲಿ ಬಣ್ಣ, ಪುಟ್ಟ ಕಿಟಕಿ, ಮೇಲೆ ಹೆಂಚು. ತಂಪಾಗಿರಲೆಂದು ಹಲಸಿನ ಮರದ ಕೆಳಗೇ ಇಡಿಸಿದೆ. ಒಂದೇ ವಾರದಲ್ಲಿ ಪುನುಗು ಬೆಕ್ಕು ಕೊಂಬೆಯಿಂದಿಳಿದು, ಹೆಂಚು ಸರಿಸಿ, ಎಂಟು ಕೋಳಿಗಳನ್ನು ಮುಗಿಸಿತು. ಉಳಿದದ್ದು ಅಡುಗೆಮನೆಯ ಬುಟ್ಟಿಯಲ್ಲಿ ಕಾವಿಗೆ ಕೂತಿದ್ದ ಒಂದು ಕರಿ ಹೇಂಟೆ, ಅದರಡಿಯ ಹನ್ನೊಂದು ಮೊಟ್ಟೆ. ಅವು ಒಡೆಯುವುದರೊಳಗೆ ಭದ್ರವಾದ ಗೂಡಾಗಬೇಕಿತ್ತು. ಇನ್ನೊಂದು ಸಲ ರಕ್ತ ಮೆತ್ತಿದ ಪುಕ್ಕ ಗುಡಿಸುವ ಶಕ್ತಿ ನನಗಿರಲಿಲ್ಲ.

ಮರಗೆಲಸವನ್ನೂ ಬಲ್ಲ ಕಪಾತಿನಣ್ಣನನ್ನು ಕರೆಸಿದೆ. ನಾನು ಗೂಡಿಗೆ ನೆಲ ತೋರಿಸಿದರೆ ಅವರು ತಲೆಯೆತ್ತಿ ಮರ ನೋಡುತ್ತಾ ನಿಂತರು. ಅರ್ಧ ಗಂಟೆ ಅದೇ. ಯಾವ ಕೊಂಬೆ ಯಾವುದಕ್ಕೆ ತಾಗುತ್ತದೆ, ಎಲ್ಲಿಂದ ಹಾರಿದರೆ ಎಲ್ಲಿಗೆ ಬೀಳಬಹುದು ಎಂದು ಗಾಳಿಯಲ್ಲೇ ಬೆರಳಿಂದ ಗೆರೆ ಎಳೆದರು. ಕೊನೆಗೆ, "ನೀವು ಕೋಳಿಗೆ ಮನೆ ಕಟ್ಟಿದ್ರಿ ಟೀಚರೇ, ಬೆಕ್ಕಿನ ದಾರಿ ನೋಡ್ಲಿಲ್ಲ" ಎಂದರು. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಅದು ಹೊಳೆದಿರಲಿಲ್ಲ.

ಬಚ್ಚಲ ಹಿಂದೆ ಜಾಗ ಆರಿಸಿದರು. ಸಿಲ್ವರ್ ಓಕಿನ ನಾಲ್ಕು ಕಂಬ, ಸೊಂಟದೆತ್ತರಕ್ಕೆ ಸೀಳಿದ ಅಡಿಕೆ ಮರದ ದಬ್ಬೆಯ ನೆಲ, ಹಿಕ್ಕೆ ಕೆಳಗುದುರಲು ಸಣ್ಣ ಸಂದು. ಮಳೆಗಾಳಿ ಪಡುವಣದಿಂದ ಹೊಡೆಯುವುದರಿಂದ ಬಾಗಿಲು ಮೂಡಣಕ್ಕೆ. ಕೋಳಿ ಕೂರುವ ಅಡ್ಡಕೋಲಿಗೆ ಹಳೇ ಕಾಫಿ ಗಿಡದ ಕಾಂಡವೇ ಆಗಬೇಕು, ಅದರಲ್ಲಿ ಸಿಬಿರು ಏಳುವುದಿಲ್ಲವಂತೆ. ಗೋಡೆಯ ಪ್ರತಿ ಸಂದಿಗೂ ಎರಡು ಬೆರಳು ತೂರಿಸಿ ನೋಡುವರು, ಹೋದರೆ ಪಟ್ಟಿ ಕಿತ್ತು ಮತ್ತೆ ಹೊಡೆಯುವರು. ಸಾಕು ಬಿಡಿ ಎಂದರೆ ಕೇಳುವ ಆಸಾಮಿಯಲ್ಲ. ಚಿಲಕವೊಂದೇ ಮೂರು ಸಲ ಬದಲಾಯಿತು. ಅಂಥ ಕೆಲಸಗಾರರನ್ನು ನಾನು ಬೇರೆ ಕಂಡಿಲ್ಲ.

ಆ ಜಾಗಕ್ಕೂ ಹಲಸಿನ ಒಂದು ಕೊಂಬೆ ಚಾಚಿತ್ತು. ಅದನ್ನು ಕಡಿದರೆ ಕೆಲಸ ಮುಗಿಯಿತು. ಹತ್ತಿದವರು ಕತ್ತಿ ಬೀಸದೆ ಇಳಿದು ಬಂದರು. ಕೊಂಬೆಯ ಕವಲಿನಲ್ಲಿ ಕಾಜಾಣದ ಗೂಡು, ಗೂಡಿನಲ್ಲಿ ಮರಿ. ಹದಿನೈದು ದಿನ ಬಿಟ್ಟು ಬಂದು ಕಡಿಯುತ್ತೇನೆ, ಅಲ್ಲಿಯವರೆಗೆ ಹೇಂಟೆ ಅಡುಗೆಮನೆಯಲ್ಲೇ ಇರಲಿ ಎಂದರು. ನಾನು ರೇಗಿದೆ. ನಾಳೆ ನಾಡಿದ್ದರಲ್ಲಿ ಮೊಟ್ಟೆ ಒಡೆಯುತ್ತವೆ, ನನ್ನ ಕೋಳಿಗಿಂತ ನಿಮಗೆ ಕಾಡುಹಕ್ಕಿ ಹೆಚ್ಚಾಯಿತೇ ಎಂದು ಬಾಯಿಗೆ ಬಂದದ್ದು ಅಂದೆ. ಅವರು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದ್ದು ಇಷ್ಟೇ: "ಅದೂ ಬಾಣಂತಿನೇ ಅಲ್ವಾ ಟೀಚರೇ."

ಹನ್ನೊಂದರಲ್ಲಿ ಒಂಬತ್ತು ಮರಿಯಾದವು. ಅಡುಗೆಮನೆ ತುಂಬ ಹಿಕ್ಕೆ, ಕಿವಿ ತೂತಾಗುವ ಗದ್ದಲ. ಅವರನ್ನು ಬೈದುಕೊಂಡೇ ದಿನ ಎಣಿಸಿದೆ. ಹದಿನೈದನೆಯ ದಿನ ಬೆಳಿಗ್ಗೆ ಬಂದರು. ಮುಖ ಬಾಡಿತ್ತು. ಕಾಫಿ ಬೇಡವೆಂದರು. ಬುಡದಲ್ಲಿ ಸ್ವಲ್ಪ ಹೊತ್ತು ಕೂತು, ಕಾಜಾಣದ ಮರಿಗಳು ಹಾರಿಹೋಗಿವೆಯೆಂದು ಖಾತ್ರಿ ಮಾಡಿಕೊಂಡು ಹತ್ತಿದರು. ಹತ್ತಿಪ್ಪತ್ತು ಏಟಿಗೆ ಕೊಂಬೆ ಬಿತ್ತು.

ಆ ಗೂಡಿಗೆ ಇವತ್ತಿನವರೆಗೂ ಏನೂ ನುಗ್ಗಿಲ್ಲ. ಆ ಒಂಬತ್ತರ ಮಕ್ಕಳು, ಮೊಮ್ಮಕ್ಕಳು ಅದರಲ್ಲೇ ಮಲಗುತ್ತವೆ. ಅವರು ಮಾತ್ರ ಆ ಮಳೆಗಾಲ ದಾಟಲಿಲ್ಲ. ಸಾವಿನ ಮನೆಯಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ಆ ಕೊಂಬೆ ಕಡಿಯೋಕೆ ನಿಮ್ಮನೆಗೆ ಬರೋ ಹೊತ್ತಿಗೆ ಎದೆನೋವು ಶುರುವಾಗಿ ವಾರ ಆಗಿತ್ತು ಟೀಚರೇ. ಡಾಕ್ಟ್ರು ಮರ ಹತ್ಬೇಡಿ ಅಂದಿದ್ರು. ಮಾತು ಕೊಟ್ಟಿದೀನಿ ಅಂದ್ರು, ನನ್ನ ಮಾತು ಕೇಳ್ಲಿಲ್ಲ. ಆಮೇಲೆ ಯಾವ ಮರನೂ ಹತ್ತಲಿಲ್ಲ."

ಆ ದಿನ ಕೊಂಬೆ ಬಿದ್ದ ಸದ್ದಾದ ಕೂಡಲೇ ನಾನು ಮರಿಗಳನ್ನು ತರಲು ಒಳಗೆ ಓಡಿದ್ದೆ. ಅವರು ಮರದಿಂದ ಹೇಗೆ ಇಳಿದರೋ, ನಾನು ನೋಡಲೇ ಇಲ್ಲ.