ನಾದಿನಿ ಬಂದಮೇಲೆ ಶುರುವಾದ ನೋವು

ಗೆಳೆಯರೇ, ನಿನ್ನೆ ಸೋಲಾಪುರದ ಆಸ್ಪತ್ರೆಯಲ್ಲಿ ನಮ್ಮವ್ವನ ಗರ್ಭಕೋಶ ತೆಗೆದರು. ಬೆನ್ನಿಗೆ ಸಣ್ಣ ನಳಿ ಹಾಕಿ ಪಂಪಿನಿಂದ ನೋವಿನ ಔಷಧ ಬಿಡುತ್ತಿದ್ದಾರೆ. ಅದಕ್ಕೆ ಎಪಿಡ್ಯೂರಲ್ ಎನ್ನುತ್ತಾರೆ. ಅದರ ದಯೆಯಿಂದ ಅವ್ವ ಇಂದು ದಿಂಬಿಗೊರಗಿ ಪಕ್ಕದ ಹಾಸಿಗೆಯವಳ ಜೊತೆ ನಗುತ್ತ ಹರಟುತ್ತಿದ್ದಳು.

ಮಧ್ಯಾಹ್ನ ಮೈಂದರ್ಗಿಯಿಂದ ನನ್ನ ಸೋದರತ್ತೆ ಮಾತಾಡಿಸಲು ಬಂದರು. ಬಾಗಿಲಲ್ಲೇ ಅಳಲು ಸೆರಗೆತ್ತಿಕೊಂಡವರು ಅವ್ವನ ನಗು ಕಂಡು ಸೆರಗು ಕೆಳಗೆ ಬಿಟ್ಟರು.

"ಸುಶೀಲಾ, ಆಪರೇಶನ್ ಖರೇನ ಆಗೇದೋ ಇಲ್ಲೋ?"

"ಆಗೇದ್ರಿ ಅಕ್ಕಾರ. ಬೆನ್ನಾಗ ನಳಿ ಹಾಕ್ಯಾರ. ಹೊಟ್ಟಿ ಕೊಯ್ದಾರಂತ ಗೊತ್ತ ಆಗವಲ್ದು."

"ಹಂಗಾರ ಚಲೋ ಆತು ಬಿಡು! ಮುಂದಿನ ವಾರ ನನ್ನ ಸೊಸಿ ಕುಬಸ ಐತಿ, ರೊಟ್ಟಿ ಬಡ್ಯಾಕ ನೀನ ಬಾ. ನಿನ್ನಂಗ ತೆಳ್ಳಗ ಯಾರಿಗೂ ಬರೂದಿಲ್ಲ."

ಅವ್ವ ಒಮ್ಮೆ ನನ್ನ ಮುಖ ನೋಡಿದಳು. ಮರುಕ್ಷಣವೇ "ಅಯ್ಯಯ್ಯೋ ಯವ್ವಾ, ಸತ್ತೆನೋ" ಎಂದು ಇಡೀ ವಾರ್ಡಿಗೆ ಕೇಳುವಂತೆ ಚೀರಿದಳು. ಸಿಸ್ಟರ್ ಓಡಿಬಂದು ನಳಿ, ಪಂಪು ಎಲ್ಲ ನೋಡಿದರು.

"ಔಷಧ ಬರೋಬರ ಹೊಂಟದಲ್ಲ! ಮಾವಶಿ, ಎಲ್ಲಿ ನೋಯಾಕತ್ತದರಿ?"

ಅವ್ವ ಕಣ್ಣು ಮುಚ್ಚಿಕೊಂಡೇ ನರಳಿದಳು. "ರಟ್ಟ್ಯಾಗ್ರಿ. ಎರಡೂ ರಟ್ಟ್ಯಾಗ."

ಸಿಸ್ಟರ್ ಅತ್ತೆಯನ್ನೂ ಅವ್ವನನ್ನೂ ನೋಡಿ ನಗು ನುಂಗಿಕೊಂಡು ಹೋದರು.

ನಾಳೆ ಬೆನ್ನಿನ ನಳಿ ತೆಗೆಯುತ್ತಾರಂತೆ. ರಟ್ಟೆಯ ನೋವು ಮಾತ್ರ ಅತ್ತೆಯ ಸೊಸೆಯ ಸೀಮಂತ ಮುಗಿದ ಮೇಲೆಯೇ ಹೋಗುವುದು. ಖುದ್ದು ರೋಗಿಯೇ ಹೇಳಿದ್ದಾಳೆ.